ಆಡಿಗೆ ಹೆಸರಿದೆ, ಕಾಯುವವನಿಗೆ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಬೆಂಕಿ ತಡೆಯುವ ಆಡುಗಳ ಬಗ್ಗೆ ಒಂದು ಬರಹ ಬಂದಿತ್ತು. ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿ ರೊನಾಲ್ಡ್ ರೇಗನ್ ಹೆಸರಿನ ಲೈಬ್ರರಿ ಇದೆ, 2019ರ ಮೇ ತಿಂಗಳಲ್ಲಿ ಅದರ ಸುತ್ತಲ ಗುಡ್ಡಕ್ಕೆ 500 ಆಡು ಬಿಟ್ಟರು, ಅವು 13 ಎಕರೆ ಕುರುಚಲು ಗಿಡ ಮೇಯ್ದು ಬೋಳು ಮಾಡಿದವು, ಅಕ್ಟೋಬರಿನಲ್ಲಿ ಕಾಡ್ಗಿಚ್ಚು ಬಂದಾಗ ಆ ಬೋಳು ಪಟ್ಟಿ ನೆರವಾಗಿ ಕಟ್ಟಡ ಉಳಿಯಿತು ಅಂತ. ಅದೆಲ್ಲ ನಿಜ. ಅಲ್ಲಿನ ಆಡುಗಳಿಗೆ ವಿನ್ಸೆಂಟ್ ವ್ಯಾನ್ ಗೋಟ್, ಗೋಟ್ಸಾರ್ಟ್ ಅಂತೆಲ್ಲ ಹೆಸರಿಟ್ಟಿದ್ದನ್ನೂ ಬರೆದಿದ್ದೀರಿ. ಆದರೆ ಆ 500 ಆಡುಗಳನ್ನು ಕಾದವರು ಯಾರು? ಅವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆಡು ತಾನೇ ಗುಡ್ಡ ಹುಡುಕಿಕೊಂಡು ಬಂತು, ತಾನೇ ಮೇಯ್ತು, ತಾನೇ ಹೋಯ್ತು ಅನ್ನುವ ಹಾಗೆ ಇತ್ತು ಬರಹ. ಅದಕ್ಕೇ ಈ ಪತ್ರ. ಉದ್ದ ಆದರೂ ದಯವಿಟ್ಟು ಓದಿ.

ನಾನು ಗದಗ ಜಿಲ್ಲೆಯವನು, ಕಪ್ಪತಗುಡ್ಡದ ಸೆರಗಿನ ಹಳ್ಳಿ. ಅಪ್ಪ ಕುರಿಗಾರ. ಅಣ್ಣನೂ ಕುರಿ ಕಾಯ್ದವನೇ. ಮನೆಯಲ್ಲಿ ಶಾಲೆಗೆ ಹೋದವನು ನಾನೊಬ್ಬ. ಮಾಸ್ತರಾಗಿ ಈಗ ನಿವೃತ್ತನಾಗಿದ್ದೇನೆ. ಮಗಳು ಅಳಿಯ ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನಲ್ಲಿದ್ದಾರೆ. ಹೋದ ವರ್ಷ ಏಪ್ರಿಲ್‌ನಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿ ಸೆಪ್ಟೆಂಬರ್ ತನಕ ಇದ್ದೆವು.

ಅಲ್ಲಿಗೆ ಹೋದ ತಂದೆ ತಾಯಿಗಳಿಗೆ ಹೊತ್ತು ಹೋಗುವುದು ಎಷ್ಟು ಕಷ್ಟ ಅಂತ ಹೋದವರಿಗೇ ಗೊತ್ತು. ಮಗಳು ಅಳಿಯ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ಬೆಳಿಗ್ಗೆ ಒಂದು ನಡಿಗೆ, ಸಂಜೆ ಒಂದು ನಡಿಗೆ. ಮೇ ತಿಂಗಳ ಒಂದು ಸಂಜೆ ಮನೆಗಳ ಹಿಂದಿನ ಗುಡ್ಡದ ಕಡೆ ಹೋದಾಗ ವಾಸನೆ ಬಂತು. ಹೋತದ ವಾಸನೆ. ಗೊತ್ತಿದ್ದವರಿಗೆ ಅದು ಎಷ್ಟು ದೂರದಿಂದಲೂ ಗೊತ್ತಾಗುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಗುಡ್ಡದ ತುಂಬ ಆಡು! ನನಗೆ ಆದ ಸಂತೋಷ ಹೇಳಲಾರೆ. ನಮ್ಮೂರೇ ಅಲ್ಲಿಗೆ ಬಂದ ಹಾಗಾಯಿತು.

ಅಲ್ಲಿನ ಗುಡ್ಡಗಳ ಸ್ವಭಾವ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಆಡಿನ ಕೆಲಸ ಅರ್ಥ ಆಗುವುದಿಲ್ಲ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಮಾರ್ಚ್ ತನಕ ಗುಡ್ಡ ಹಸಿರಾಗಿರುತ್ತದೆ, ಮೇ ಹೊತ್ತಿಗೆ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಅಕ್ಟೋಬರ್ ತನಕ ಮಳೆ ಇಲ್ಲವೆಂದೇ ಹೇಳಬೇಕು. ಒಂದು ಕಿಡಿ ಸಾಕು. ಬೆಂಕಿ ಮೊದಲು ಹುಲ್ಲು ಹಿಡಿಯುತ್ತದೆ, ಹುಲ್ಲಿನಿಂದ ಪೊದೆಗೆ, ಪೊದೆಯಿಂದ ಮರದ ಕೆಳಗಿನ ಕೊಂಬೆಗೆ, ಅಲ್ಲಿಂದ ನೆತ್ತಿಗೆ ಏರುತ್ತದೆ. ನೆತ್ತಿಗೆ ಏರಿದ ಬೆಂಕಿಯನ್ನು ಗಾಳಿ ಎತ್ತಿಕೊಂಡು ಓಡುತ್ತದೆ. 1991ರಲ್ಲಿ ಅಲ್ಲೇ ಹತ್ತಿರದ ಓಕ್ಲೆಂಡ್ ಗುಡ್ಡದಲ್ಲಿ ಹೀಗೇ ಆಗಿ 25 ಜನ ಸತ್ತರು, ಸುಮಾರು 3,000 ಮನೆ ಸುಟ್ಟವು. 2018ರಲ್ಲಿ ಪ್ಯಾರಡೈಸ್ ಅನ್ನುವ ಊರಿಗೆ ಊರೇ ಹೋಯಿತು, 85 ಜನ ತೀರಿಕೊಂಡರು.

ಹುಲ್ಲನ್ನು ಯಂತ್ರದಿಂದ ಕತ್ತರಿಸಬಹುದಲ್ಲ ಅಂತ ನಾನೂ ಕೇಳಿದೆ. ಕಡಿದಾದ ಇಳಿಜಾರಿನಲ್ಲಿ ಯಂತ್ರ ನಿಲ್ಲುವುದಿಲ್ಲ. ಜೊತೆಗೆ ಒಣಹುಲ್ಲಿನಲ್ಲಿ ಬ್ಲೇಡು ಕಲ್ಲಿಗೆ ತಾಗಿ ಕಿಡಿ ಹಾರಿ ಯಂತ್ರದಿಂದಲೇ ಬೆಂಕಿ ಬಿದ್ದ ಪ್ರಸಂಗಗಳಿವೆ. ಔಷಧಿ ಹೊಡೆದರೆ ಅದು ಮಳೆಗಾಲದಲ್ಲಿ ಹಳ್ಳ ಸೇರುತ್ತದೆ. ಆಡು ಹಾಗಲ್ಲ. ಹಿಂಗಾಲ ಮೇಲೆ ನಿಂತು ನಮ್ಮ ತಲೆಯೆತ್ತರದ ಸೊಪ್ಪು ತನಕ ತಿನ್ನುತ್ತದೆ. ಬೆಂಕಿ ಮರ ಹತ್ತುವ ಏಣಿಯನ್ನೇ ಅದು ತಿಂದುಹಾಕುತ್ತದೆ. ಕುರಿಗೆ ಈ ಕೆಲಸ ಆಗದು, ಕುರಿಗೆ ನೆಲದ ಹುಲ್ಲು ಬೇಕು. ಇದು ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು.

ಹಿಂಡಿನ ಹತ್ತಿರ ಒಂದು ಸಣ್ಣ ಟ್ರೇಲರ್ ನಿಂತಿತ್ತು. ಗಾಲಿ ಮೇಲಿನ ಒಂದು ಕೋಣೆ. ಅದರ ಪಕ್ಕ ಹ್ಯಾಟು ಹಾಕಿದ ಒಬ್ಬ, ಎರಡು ದೊಡ್ಡ ಬಿಳಿ ನಾಯಿ. ಅವನ ವಯಸ್ಸು ನಲವತ್ತರ ಮೇಲಿರಬಹುದು. ಪೆರು ದೇಶದ ಬೆಟ್ಟದ ಸೀಮೆಯವನು. ನನಗೆ ಸ್ಪ್ಯಾನಿಷ್ ಬರುವುದಿಲ್ಲ, ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಮರುದಿನದಿಂದ ಮೊಮ್ಮಗಳನ್ನು ಕರೆದುಕೊಂಡು ಹೋದೆ. ಅವಳು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ‘ಅಜ್ಜ, ಅವರು ಮನೆಯಲ್ಲಿ ಕೆಚುವಾ ಅಂತ ಬೇರೆ ಭಾಷೆ ಮಾತಾಡ್ತಾರಂತೆ, ಸ್ಪ್ಯಾನಿಷ್ ಅವರಿಗೂ ಶಾಲೆಯಲ್ಲಿ ಬಂದಿದ್ದಂತೆ’ ಅಂದಳು. ಆ ಹಿಂಡು ನಮ್ಮ ಗುಡ್ಡದಲ್ಲಿದ್ದ ಅಷ್ಟೂ ಸಂಜೆ ನಾವು ಹೋದೆವು.

ಅವನ ಕೆಲಸ ನೋಡಿದ್ದನ್ನು ಹೇಳುತ್ತೇನೆ. ಸುಮಾರು 400 ಆಡಿಗೆ ಒಬ್ಬನೇ ಕಾವಲು. ಬಲೆಯಂಥ ಬೇಲಿ, ಅದಕ್ಕೆ ಸೋಲಾರ್ ಬ್ಯಾಟರಿಯಿಂದ ಸಣ್ಣ ಕರೆಂಟು. ಒಂದು ಆವರಣ ಮೇಯ್ದು ಮುಗಿಯುವಷ್ಟರಲ್ಲಿ ಮುಂದಿನ ಆವರಣಕ್ಕೆ ಬೇಲಿ ಹಾಕಿರಬೇಕು. ಅದೂ ಆ ಇಳಿಜಾರಿನಲ್ಲಿ, ಬಲೆ ಹೆಗಲ ಮೇಲೆ ಹೊತ್ತು, ಮುಳ್ಳಿನ ನಡುವೆ ದಾರಿ ಬಿಡಿಸಿಕೊಂಡು. ಬೇಲಿಗೆ ಹುಲ್ಲು ತಾಗಿದರೆ ಕರೆಂಟು ಸೋರುತ್ತದೆ, ಅದಕ್ಕೆ ಸಾಲಿನುದ್ದಕ್ಕೂ ಹುಲ್ಲು ತೆಗೆಯಬೇಕು. ತೊಟ್ಟಿಗೆ ನೀರು ತುಂಬಬೇಕು. ಕುಂಟುವ ಆಡು ಹಿಡಿದು ಗೊರಸು ನೋಡಬೇಕು. ರಾತ್ರಿ ಕಯೋಟಿ ಬರುತ್ತದೆ, ಅದು ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು. ಗುಡ್ಡದ ಸಿಂಹ ಅಂತ ಇನ್ನೊಂದು ಪ್ರಾಣಿಯ ಭಯವೂ ಇದೆ. ನಾಯಿ ಬೊಗಳುವ ರೀತಿಯಲ್ಲೇ ಯಾವುದು ಬಂದಿದೆ ಅಂತ ಅವನಿಗೆ ಗೊತ್ತಾಗುತ್ತಿತ್ತಂತೆ. ನಮ್ಮಪ್ಪನಿಗೂ ಹಾಗೇ. ತೋಳ ಬಂದಾಗ ನಾಯಿಯ ದನಿ ಬೇರೆ, ಕಳ್ಳ ಬಂದಾಗ ಬೇರೆ ಅನ್ನುತ್ತಿದ್ದ.

‘ಆಡು ಮುಟ್ಟದ ಸೊಪ್ಪಿಲ್ಲ’ ಅನ್ನುವ ಗಾದೆಯನ್ನು ನಿಮ್ಮ ಬರಹದಲ್ಲೂ ಹಾಕಿದ್ದೀರಿ. ಗಾದೆ ಸರಿ. ಆದರೆ ಆಡು ಮುಟ್ಟಬಾರದ ಸೊಪ್ಪು ಇವೆ, ಅದನ್ನು ತಿಳಿದವನೇ ಕುರಿಗಾಹಿ. ಅಲ್ಲಿ ಮನೆಗಳ ಹಿತ್ತಲಲ್ಲಿ, ರಸ್ತೆ ಬದಿಯಲ್ಲಿ ಕಣಗಿಲೆ ಬೆಳೆಸಿರುತ್ತಾರೆ. ಒಂದು ಹಿಡಿ ಎಲೆ ತಿಂದರೂ ಆಡಿನ ಪ್ರಾಣಕ್ಕೆ ಕುತ್ತು. ಬೇಲಿ ಹಾಕುವ ಮೊದಲು ಅವನು ಇಡೀ ಅಂಚನ್ನು ನಡೆದು ನೋಡುತ್ತಿದ್ದ. ನಮ್ಮಲ್ಲೂ ಅಷ್ಟೇ, ಕೊಯ್ದ ಜೋಳದ ಹೊಲದಲ್ಲಿ ಮತ್ತೆ ಒಡೆದ ಎಳೆ ಚಿಗುರಿಗೆ ಹಿಂಡು ಬಿಡಬಾರದು, ಅದರಲ್ಲಿ ವಿಷ ಇರುತ್ತದೆ. ಹೊಟ್ಟೆ ಉಬ್ಬಿ ಬಿದ್ದ ಕುರಿಗಳನ್ನು ನೋಡಿ ಅಪ್ಪ ನೆಲಕ್ಕೆ ಕೂತಿದ್ದು ನನಗಿನ್ನೂ ನೆನಪಿದೆ. ಇನ್ನೊಂದು ಗಿಡ ಅಲ್ಲಿದೆ, ಪಾಯ್ಸನ್ ಓಕ್ ಅಂತಾರೆ. ನಮ್ಮ ಗೇರಿನ ಕುಟುಂಬದ್ದೇ. ಕರಿಗೇರಿನ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದಲ್ಲ, ಹಾಗೇ ಅದೂ. ಆಡಿಗೆ ಅದರಿಂದ ಏನೂ ಆಗುವುದಿಲ್ಲ, ಇಷ್ಟಪಟ್ಟು ತಿನ್ನುತ್ತದೆ. ಆದರೆ ಅದರ ಎಣ್ಣೆ ಆಡಿನ ರೋಮಕ್ಕೆ ಅಂಟಿರುತ್ತದೆ. ಮೊಮ್ಮಗಳು ಮರಿಯೊಂದನ್ನು ಸವರಲು ಕೈ ಚಾಚಿದಾಗ ಅವನು ಓಡಿ ಬಂದು ತಡೆದ. ತನ್ನ ಮುಂಗೈ ತೋರಿಸಿದ. ತೋಳಿನ ತನಕ ಕಲೆ.

ಇದನ್ನೆಲ್ಲ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?

ಸಂಬಳದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅಲ್ಲಿ ಇದೇ ದೊಡ್ಡ ಜಗಳ. ಆಡು ಕಾಯುವವರು ಹೆಚ್ಚಾಗಿ ಪೆರುವಿನಿಂದ ಬರುತ್ತಾರೆ, ಎಚ್-2ಎ ಅನ್ನುವ ವೀಸಾದ ಮೇಲೆ. ಅದು ಹೊಲದ ಕೆಲಸಕ್ಕೆ ಕೊಡುವ ತಾತ್ಕಾಲಿಕ ವೀಸಾ. ನನ್ನ ಅಳಿಯನದು ಎಚ್-1ಬಿ. ಇಬ್ಬರಿಗೂ ಕರೆಸಿಕೊಂಡ ಮಾಲೀಕನೇ ಆಧಾರ, ಕೆಲಸ ಬಿಟ್ಟು ಸುಮ್ನೆ ಬೇರೆ ಕಡೆ ಹೋಗುವುದು ಸುಲಭವಲ್ಲ. ಅಳಿಯ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ತಾನೂ ಒಂದು ಶನಿವಾರ ನಮ್ಮ ಜೊತೆ ಗುಡ್ಡಕ್ಕೆ ಬಂದ. ಬಂದವನು ಬರಿಗೈಲಿ ಬರಲಿಲ್ಲ, ಚಪಾತಿ ಪಲ್ಯ ಕಟ್ಟಿಸಿಕೊಂಡು ಬಂದಿದ್ದ.

ಕ್ಯಾಲಿಫೋರ್ನಿಯಾದಲ್ಲಿ ಕುರಿ, ಆಡು ಕಾಯುವವರಿಗೆ ಗಂಟೆ ಲೆಕ್ಕ ಇರಲಿಲ್ಲ, ತಿಂಗಳ ಸಂಬಳ. ಯಾಕೆಂದರೆ ದಿನದ 24 ಗಂಟೆಯೂ ಅವರು ಹಿಂಡಿನ ಬಳಿಯೇ ಇರಬೇಕು, ಅದಕ್ಕೆ ಗಂಟೆ ಎಣಿಸಲಾಗದು ಅನ್ನುವ ಮಾತು. 2019ರಲ್ಲಿ ಆಡು ಕಾಯುವವರ ಕನಿಷ್ಠ ಸಂಬಳ ತಿಂಗಳಿಗೆ 1,955 ಡಾಲರ್ ಇತ್ತು, 2023ಕ್ಕೆ 3,730 ಆಯಿತು. ಹೊಲದ ಕೆಲಸಗಾರರಿಗೆ ಹೆಚ್ಚಿನ ಗಂಟೆಗೆ ಹೆಚ್ಚಿನ ಕೂಲಿ ಕೊಡಬೇಕು ಅಂತ 2016ರಲ್ಲಿ ಒಂದು ಕಾನೂನು ಬಂದಿತ್ತು. ತಿಂಗಳ ಸಂಬಳದ ವಿನಾಯಿತಿ ಕುರಿ ಕಾಯುವವರಿಗೆ ಮಾತ್ರ, ಆಡು ಕಾಯುವವರಿಗೆ ಅನ್ವಯಿಸದು ಅಂತ ಆಮೇಲೆ ಅರ್ಥ ಮಾಡಿದರು. ಆ ಲೆಕ್ಕದಲ್ಲಿ ಹಗಲು ರಾತ್ರಿ ಎಲ್ಲ ಸೇರಿಸಿದರೆ ತಿಂಗಳಿಗೆ 14,000 ಡಾಲರ್ ಕೊಡಬೇಕಾಗುತ್ತದೆ ಅನ್ನುವುದು ಮಾಲೀಕರ ಲೆಕ್ಕ. ಹಾಗಾದರೆ ಹಿಂಡು ಮಾರಿ ಕಸಾಯಿಖಾನೆಗೆ ಕಳಿಸುತ್ತೇವೆ ಅಂದರು ಮಾಲೀಕರು. ಆಡು ಕಾಯುವವರು ಇರುವ ಜಾಗ, ಮಾಡುವ ಕೆಲಸ ಹೇಗಿದೆ ಅಂತ ಮೊದಲು ಸರ್ಕಾರ ಹೋಗಿ ನೋಡಲಿ ಅಂದರು ಕಾರ್ಮಿಕರ ಪರ ಇರುವವರು. ಸರ್ಕಾರ ತಾತ್ಕಾಲಿಕ ವಿನಾಯಿತಿ ಕೊಟ್ಟು ವಿಷಯವನ್ನು ಮುಂದಕ್ಕೆ ಹಾಕಿತು.

14,000 ಸರಿಯೋ ಅಲ್ಲವೋ, ಮಾಲೀಕರ ಲೆಕ್ಕವನ್ನು ನಾನು ಕೂತು ನೋಡಿದವನಲ್ಲ. ಆದರೆ ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಿಂಡಿನ ಪಕ್ಕ ಮಲಗುವವನು ಕೆಲಸದಲ್ಲೇ ಇದ್ದಾನೆ. ಅಪ್ಪ ಕಂಬಳಿ ಹೊದ್ದು ಬಯಲಲ್ಲಿ ಮಲಗುತ್ತಿದ್ದ, ಅದನ್ನು ನಾವು ನಿದ್ದೆ ಅಂತ ಕರೆದೆವು. ಅರ್ಧ ಕಿವಿ ಯಾವಾಗಲೂ ಹಿಂಡಿನ ಕಡೆ ಇರುತ್ತಿತ್ತು. ಮಳೆ ಹನಿ ಬಿದ್ದರೆ ಮೊದಲು ಎದ್ದು ಮರಿಗಳನ್ನು ಮುಚ್ಚುತ್ತಿದ್ದ, ಆಮೇಲೆ ತನ್ನ ತಲೆ. ಈ ಜಗಳದಲ್ಲಿ ಮೊದಲ ಸಲ ಯಾರೋ ಆ ರಾತ್ರಿಗಳಿಗೂ ಬೆಲೆ ಕಟ್ಟಿದರು. ಅದು ನನಗೆ ಸಣ್ಣ ಮಾತಲ್ಲ.

ನಿಮ್ಮ ಕೆಲಸಕ್ಕೆ ದುಡ್ಡು ಕೊಡುವವರು ಯಾರು ಅಂತ ಆ ಪೆರುವಿನವನನ್ನು ಕೇಳಿದ್ದೆ. ಗುಡ್ಡದ ಒಡೆಯರು ಹಿಂಡಿನ ಮಾಲೀಕನಿಗೆ ಕೊಡುತ್ತಾರೆ, ಅವನು ನನಗೆ ಕೊಡುತ್ತಾನೆ ಅಂದ. ನಮ್ಮ ಕಡೆ ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸಿ, ರಾತ್ರಿ ಲೆಕ್ಕದಲ್ಲಿ ಕಾಳು ಇಲ್ಲವೇ ದುಡ್ಡು ಕೊಡುತ್ತಾರೆ ಅಂತ ನಾನು ಹೇಳಿದೆ. ನಮ್ಮಲ್ಲಿ ಹಿಕ್ಕೆಗೆ ಬೆಲೆ, ಅಲ್ಲಿ ಬಾಯಿಗೆ ಬೆಲೆ. ಇದನ್ನು ಮೊಮ್ಮಗಳು ಸ್ಪ್ಯಾನಿಷ್‌ಗೆ ತರಲು ಒದ್ದಾಡಿದಳು, ಅವನಿಗೆ ಅರ್ಥವಾದ ಕೂಡಲೇ ಜೋರಾಗಿ ನಕ್ಕು ತೊಡೆ ತಟ್ಟಿದ. ಅವನ ಊರಲ್ಲೂ ಕುರಿಗೊಬ್ಬರ ಆಲೂಗಡ್ಡೆ ಹೊಲಕ್ಕೆ ಹೋಗುತ್ತದಂತೆ.

ಒಂದು ತಪ್ಪು ಇಲ್ಲಿ ಹೇಳಿಕೊಳ್ಳಬೇಕು. ಮಾಸ್ತರಾಗಿದ್ದಾಗ ಓದದ ಹುಡುಗರಿಗೆ ‘ನೀನು ಕುರಿ ಕಾಯೋಕೇ ಲಾಯಕ್ಕು’ ಅಂತ ನಾನೂ ಅಂದಿದ್ದೇನೆ. ಕುರಿ ಕಾಯ್ದ ದುಡ್ಡಿನಲ್ಲಿ ಓದಿದವನು ನಾನು. ಆ ಮಾತು ಬಾಯಿಗೆ ಬಂದುಬಿಡುತ್ತಿತ್ತು, ಯಾಕೆಂದರೆ ಎಲ್ಲ ಶಾಲೆಯಲ್ಲೂ ಅದೇ ಮಾತು. ಅದನ್ನು ಕೇಳಿದ ಹುಡುಗರಲ್ಲಿ ಒಬ್ಬ ಈಗ ನಮ್ಮ ತಾಲ್ಲೂಕಿನಲ್ಲೇ ಹಿಂಡು ಇಟ್ಟಿದ್ದಾನೆ. ಅಮೆರಿಕದಿಂದ ಬಂದ ಮೇಲೆ ಅವನ ಹಟ್ಟಿ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ‘ಅದೇನ್ ಬಿಡ್ರಿ ಸರ್’ ಅಂದ. ಚಹಾ ಕೊಟ್ಟ. ಆಡಿನ ಹಾಲಿನ ಚಹಾ.

ಅವನ ಹತ್ತಿರ ಕೂತಾಗಲೇ ಕಪ್ಪತಗುಡ್ಡದ ಮಾತು ಬಂತು. ಹೆಚ್ಚುಕಡಿಮೆ ಪ್ರತಿ ಬೇಸಿಗೆಯೂ ನಮ್ಮ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ನಿಮ್ಮ ಪತ್ರಿಕೆಯೇ ಫೋಟೋ ಹಾಕುತ್ತದೆ. ಬಾದೆ ಹುಲ್ಲು ಆಳೆತ್ತರ ಬೆಳೆದು ಒಣಗಿರುತ್ತದೆ, ಗಾಳಿ ಬೇರೆ ಜೋರು. 2019ರಲ್ಲಿ ಇದನ್ನು ವನ್ಯಜೀವಿಧಾಮ ಮಾಡಿದರು, 244 ಚದರ ಕಿಲೋಮೀಟರ್. ಒಳ್ಳೆಯದೇ ಆಯಿತು, ಔಷಧಿ ಗಿಡಗಳ ಗುಡ್ಡ ಅದು, ಉಳಿಯಬೇಕು. ಆದರೆ ಬೆಂಕಿ ಬಿದ್ದಾಗಲೆಲ್ಲ ಮೊದಲ ಬೈಗುಳ ಕುರಿಗಾಹಿಗಳಿಗೆ. ಹೊಸ ಚಿಗುರು ಬರಲಿ ಅಂತ ಹುಲ್ಲಿಗೆ ಕಡ್ಡಿ ಗೀರುವವರು ನಮ್ಮಲ್ಲಿ ಇದ್ದಾರೆ, ನಾನು ಮುಚ್ಚಿಡುವುದಿಲ್ಲ. ಅದು ತಪ್ಪು. ಹಾಗಂತ ಎಲ್ಲರನ್ನೂ ಕಳ್ಳರ ಹಾಗೆ ನೋಡುವುದು ಸರಿಯಾ? 2025ರ ಜುಲೈಯಲ್ಲಿ ರಾಜ್ಯದ ಕಾಡುಗಳಲ್ಲಿ ದನ ಕುರಿ ಮೇಯಿಸುವುದನ್ನು ನಿಲ್ಲಿಸಿ ಅಂತ ಅರಣ್ಯ ಸಚಿವರು ಸೂಚನೆ ಕೊಟ್ಟರು. ಅದೇ ವರ್ಷ ವಲಸೆ ಕುರಿಗಾಹಿಗಳಿಗೆ ರಕ್ಷಣೆ ಕೊಡುವ ಮಸೂದೆಯನ್ನೂ ವಿಧಾನಮಂಡಲ ಒಪ್ಪಿತು. ಒಂದು ಕೈಯಲ್ಲಿ ರಕ್ಷಣೆ, ಇನ್ನೊಂದು ಕೈಯಲ್ಲಿ ತಡೆ. ಹಿಂಡು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಉತ್ತರ ಮಾತ್ರ ಎರಡರಲ್ಲೂ ಇಲ್ಲ.

ಕ್ಯಾಲಿಫೋರ್ನಿಯಾದ ಹಾಗೆ ಇಲ್ಲೂ ಆಡು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಿಮ್ಮ ಬರಹದ ಕೊನೆಯಲ್ಲಿತ್ತು, ಬಂಡೀಪುರದ ಉದಾಹರಣೆ ಕೊಟ್ಟು. ದಯವಿಟ್ಟು ಹಾಗೆ ಬರೆಯಬೇಡಿ. ಬಂಡೀಪುರದಲ್ಲಿ 2019ರಲ್ಲಿ ಸಾವಿರಾರು ಎಕರೆ ಸುಟ್ಟಿದ್ದು ನಿಜ. ಅಲ್ಲಿ ಪೊದೆ ಅಂದರೆ ಬಹುಪಾಲು ಲಂಟಾನ. ಅದು ದನ, ಕುರಿ, ಆಡು ಎಲ್ಲಕ್ಕೂ ವಿಷ. ತಿಂದರೆ ಯಕೃತ್ತು ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಜೊತೆಗೆ ಹುಲಿ ಕಾಡಿಗೆ ಊರಿನ ಹಿಂಡು ಹೋದರೆ ರೋಗ ಕಾಡುಪ್ರಾಣಿಗೂ ದಾಟಬಹುದು. ಅಮೆರಿಕದಲ್ಲೂ ಸಿಕ್ಕಲ್ಲೆಲ್ಲ ಆಡು ಬಿಡುವುದಿಲ್ಲ. ಇಷ್ಟು ಜಾಗ, ಇಷ್ಟು ದಿನ ಅಂತ ಗೊತ್ತು ಮಾಡುತ್ತಾರೆ. ಎರಡು ದಿನ ಜಾಸ್ತಿ ನಿಂತರೆ ಆಡು ಮರದ ತೊಗಟೆ ಸುಲಿಯುತ್ತದೆ, ಮಣ್ಣು ಸಡಿಲವಾಗಿ ಮಳೆಗೆ ಜಾರುತ್ತದೆ. ಯಾವಾಗ ಹಿಂಡು ಎಬ್ಬಿಸಬೇಕು ಅನ್ನುವುದು ಕಾಯುವವನ ಕಣ್ಣಿಗೆ ಬಿಟ್ಟ ವಿಷಯ.

ಕಪ್ಪತಗುಡ್ಡದಲ್ಲಿ ಮಾತ್ರ ಒಂದು ಪ್ರಯತ್ನ ಮಾಡಬಹುದು ಅಂತ ನನಗೂ ಆ ಹುಡುಗನಿಗೂ ಅನ್ನಿಸಿತು. ಗುಡ್ಡದ ಒಳಗೆ ಅಲ್ಲ. ಊರ ಹೊಲಗಳಿಗೂ ಗುಡ್ಡಕ್ಕೂ ನಡುವಿನ ಅಂಚಿನಲ್ಲಿ, ರಸ್ತೆಯ ಎರಡು ಬದಿಯಲ್ಲಿ. ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲು ಹೇಗೂ ಬೆಂಕಿ ರೇಖೆ ಮಾಡುತ್ತಾರೆ, ಹುಲ್ಲು ಕಡಿಸುತ್ತಾರೆ, ಸುಡಿಸುತ್ತಾರೆ. ಅದರಲ್ಲಿ ಒಂದಷ್ಟು ಉದ್ದವನ್ನು ಕುರಿಗಾಹಿಗಳಿಗೆ ಗೊತ್ತು ಮಾಡಿಕೊಟ್ಟು, ಇಂತಿಷ್ಟು ದಿನ ಅಂತ ಹೇಳಿ, ಕೂಲಿ ಕೊಟ್ಟು ಮೇಯಿಸಲಿ. ಹುಲ್ಲು ಬಲಿಯುವ ಮೊದಲೇ ಆಗಬೇಕು. ಒರಟು ಹುಲ್ಲು ಎಳೆಯದಾಗಿರುವಾಗ ಕುರಿ ಮೇಯುತ್ತದೆ, ಬಲಿತ ಮೇಲೆ ಮೂಸಿಯೂ ನೋಡುವುದಿಲ್ಲ. ಔಷಧಿ ಗಿಡ ಎಲ್ಲಿವೆ ಅಂತ ಗುರುತು ಮಾಡಿ ಅಲ್ಲಿಗೆ ಬಿಡದಿದ್ದರಾಯಿತು. ಬೆಂಕಿ ಬಿದ್ದರೆ ಮೊದಲು ನೋಡುವವರೂ ಅವರೇ, ಗುಡ್ಡದ ಬುಡದಲ್ಲೇ ಮಲಗಿರುತ್ತಾರಲ್ಲ. ಇದಕ್ಕೆ ಹೊಸ ಯೋಜನೆ, ಹೊಸ ಹೆಸರು ಏನೂ ಬೇಡ. ಒಂದು ವಲಯದ ಅಧಿಕಾರಿ ಮನಸ್ಸು ಮಾಡಿ ನಾಲ್ಕು ಜನ ಕುರಿಗಾಹಿಗಳನ್ನು ಕೂರಿಸಿ ಮಾತಾಡಿದರೆ ಸಾಕು. ಆಗದಿದ್ದರೆ ಆಗುವುದಿಲ್ಲ ಅಂತ ಗೊತ್ತಾಗುತ್ತದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪತ್ರಿಕೆಯಲ್ಲಿ ಕುರಿಗಾಹಿ ಬರುವುದು ಸಿಡಿಲಿಗೆ ಕುರಿ ಸತ್ತಾಗ, ಲಾರಿ ಹಾದು ಹಿಂಡು ಹೋದಾಗ, ಇಲ್ಲ ಯಾರೋ ಹೊಡೆದು ಕುರಿ ಕಿತ್ತುಕೊಂಡಾಗ. 2026 ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ವಿಶ್ವಸಂಸ್ಥೆಯೇ ಘೋಷಿಸಿದೆ. ಈ ಸಲ ಹಿಂಡು ಹೊರಡುವ ಹೊತ್ತಿಗೆ ನಿಮ್ಮ ವರದಿಗಾರರೊಬ್ಬರನ್ನು ನಮ್ಮ ಕಡೆ ಕಳಿಸಿ. ಎರಡು ದಿನ ಹಿಂಡಿನ ಜೊತೆ ನಡೆಯಲಿ, ಒಂದು ರಾತ್ರಿ ಅಲ್ಲೇ ಇರಲಿ. ಯಾವ ಸೊಪ್ಪು ಯಾವ ತಿಂಗಳಲ್ಲಿ, ಯಾವ ಹೊಲದವರು ಕರೆಯುತ್ತಾರೆ, ಯಾವ ಊರಲ್ಲಿ ನೀರು ಕೊಡುವುದಿಲ್ಲ, ಎಲ್ಲ ಕೇಳಿ ಬರೆದುಕೊಳ್ಳಲಿ. ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳಿ, ಒಪ್ಪಿದರೆ ಹಾಕಿ.

ಆ ಪೆರುವಿನವನ ಹೆಸರು ನನಗೆ ಗೊತ್ತಿದೆ. ವೀಸಾದ ಮೇಲಿರುವವನು, ಅವನನ್ನು ಕೇಳದೆ ಇಲ್ಲಿ ಬರೆಯುವುದು ಸರಿಯಲ್ಲ ಅಂತ ಬಿಟ್ಟಿದ್ದೇನೆ. ಅವನ ಹಿಂಡು ಜೂನ್ ಮಧ್ಯದಲ್ಲಿ ಬೇರೆ ಗುಡ್ಡಕ್ಕೆ ಹೋಯಿತು. ಹೊರಡುವ ದಿನ ನನ್ನ ಹೆಂಡತಿ ಅವನಿಗೆ ಶೇಂಗಾ ಉಂಡಿ ಕೊಟ್ಟಳು. ನಾನು ನಮ್ಮೂರಿನ ಕಂಬಳಿ ಕೊಟ್ಟೆ, ಮಗಳ ಮನೆಗೆ ಅಂತ ಒಯ್ದಿದ್ದು. ಅವನು ಅದನ್ನು ಬಿಡಿಸಿ, ಉಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಯಾವ ಜಾತಿಯ ಕುರಿ ಅಂತ ಕೇಳಿದ. ಡೆಕ್ಕನಿ, ಕರಿ ಕುರಿ ಅಂದೆ. ಬಣ್ಣ ಹಾಕಿಲ್ಲವಾ ಅಂದ. ಇಲ್ಲ, ಕುರಿಯದೇ ಬಣ್ಣ ಅಂದೆ.

ವರದಿಗಾರರು ಬರುವುದಾದರೆ ದೀಪಾವಳಿ ಆದ ಮೇಲಿನ ವಾರ ಬರಲಿ. ಬೆಳಿಗ್ಗೆ ಬೇಗ ಬರಬೇಕು. ಬಿಸಿಲೇರಿದ ಮೇಲೆ ಬಂದರೆ ಹಿಂಡು ಎದ್ದು ಹೋಗಿರುತ್ತದೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ
ಗದಗ ಜಿಲ್ಲೆ